ಹೆಬ್ಬೆರಳಿನ ಲೆಕ್ಕ

ಅಮ್ಮ ಬಿಟ್ಟುಹೋದ ಟೈಲರ್ ಅಂಗಡಿಯಲ್ಲಿ ಅಕ್ಕನೂ ನಾನೂ ಜಗಳವಾಡಿದ್ದೇ ಇಲ್ಲ. ಮಾತು ಬಿಸಿಯಾದರೆ ಕಟಿಂಗ್ ಟೇಬಲ್ ಮೇಲಿನ ಬಟ್ಟೆ ಸರಿಸಿ ಪೋಕರ್ ಆಡಲು ಕೂರುತ್ತಿದ್ದೆವು. ದುಡ್ಡಿನ ಬದಲು ಶರ್ಟಿನ ಗುಂಡಿಗಳು. ಯಾರ ಡಬ್ಬಿ ಖಾಲಿಯಾಯಿತೋ ಅವರು ಬಾಯಿ ಮುಚ್ಚಬೇಕು. ಕಿಟಕಿ ಪಕ್ಕದ ಮೆಷಿನ್ ಅಕ್ಕನ ಪಾಲಾದದ್ದು ಹಾಗೆ. ಕಟಿಂಗ್ ಕೋರ್ಸಿಗೆ ಅವಳು ಹೋಗಿ, ಹಾಸಿಗೆ ಹಿಡಿದ ಅಮ್ಮನ ಹತ್ತಿರ ನಾನು ಉಳಿದದ್ದೂ ಹಾಗೆಯೇ. ನನ್ನ ಹಣೆಬರಹ ಎಂದು ಸುಮ್ಮನಿದ್ದೆ.

ಆಟ ಕಲಿಸಿದ್ದು ಅಕ್ಕನೇ. "ಎಲೆ ಹಿಡ್ಕೊಂಡು ಕನಸು ಕಾಣ್ಬೇಡ್ವೇ, ಲೆಕ್ಕ ಹಾಕು," ಎನ್ನುತ್ತಿದ್ದಳು. ಕೈಯಲ್ಲಿ ಎರಡು ಆಟಿನ್ ಎಲೆ, ಟೇಬಲ್ ಮೇಲೆ ಇಬ್ಬರಿಗೂ ಸೇರಿದ ಎಲೆಗಳಲ್ಲಿ ಎರಡು. ಒಂದೇ ಜಾತಿಯ ಐದಾದರೆ ದೊಡ್ಡ ಕೈ. ಕಟ್ಟಿನಲ್ಲಿರುವ ಹದಿಮೂರು ಆಟಿನ್‌ಗಳಲ್ಲಿ ನಾಲ್ಕು ಕಳೆದರೆ ಒಂಬತ್ತು. ಇನ್ನೊಂದೇ ಎಲೆ ಬಿಚ್ಚುವುದಿದ್ದರೆ ಎರಡರಿಂದ ಗುಣಿಸು: ಅದು ಆಟಿನ್ ಆಗುವ ಸಾಧ್ಯತೆ ನೂರಕ್ಕೆ ಹದಿನೆಂಟು. ನೂರು ಗುಂಡಿಯ ಗುಡ್ಡೆಗೆ ಅದಕ್ಕಿಂತ ಹೆಚ್ಚು ನಾನು ಹಾಕಬೇಕಾದರೆ ಎಲೆ ಬಿಸಾಡಬೇಕು. ನನಗೆ ಬಾಯಿಲೆಕ್ಕ ಹತ್ತುತ್ತಿರಲಿಲ್ಲ. ಎಡಗೈ ಬೆರಳುಗಳ ಗೆರೆ ಮೇಲೆ ಹೆಬ್ಬೆರಳು ಓಡಿಸುವುದನ್ನೂ ಅವಳೇ ಹೇಳಿಕೊಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಮುಗಿಸುವಷ್ಟು ಪಳಗಿದೆ. ಸೋಲು ಮಾತ್ರ ತಪ್ಪಲಿಲ್ಲ.

ಈ ಸಲ ಪಣಕ್ಕಿಟ್ಟದ್ದು ಅಂಗಡಿಯನ್ನೇ. ಪಕ್ಕದ ಮೊಬೈಲ್ ಅಂಗಡಿಯವನಿಗೆ ಮಾರಿಬಿಡೋಣ ಎಂದಳು ಅಕ್ಕ. ಹೊಲಿಗೆ ಬಿಟ್ಟರೆ ನನಗೆ ಇನ್ನೇನು ಬರುತ್ತದೆ? ಸುತರಾಂ ಆಗದು ಎಂದೆ. ಅವಳು ಬೀಗದ ಕೈ ಟೇಬಲ್ ಮೇಲಿಟ್ಟು ಎಲೆ ಕಲೆಸಿದಳು.

ಅವತ್ತು ಒಳ್ಳೆಯ ಎಲೆಗಳು ಬಿದ್ದು ನಾನೂ ಸಮಸಮವಾಗಿ ನಿಂತಿದ್ದೆ. ಒಂದು ಆಟದ ನಡುವೆ ಮೂಗು ತುರಿಸಿತು. ಎಣಿಸುತ್ತಿದ್ದ ಹೆಬ್ಬೆರಳು ಮೂಗಿಗೆ ಹೋಯಿತು. ಅಕ್ಕನ ಕಣ್ಣೂ ಅದರ ಹಿಂದೆಯೇ ಮೇಲೆದ್ದು, ಅದರ ಜೊತೆಗೇ ಕೆಳಗಿಳಿಯಿತು. ಹೆಬ್ಬೆರಳು ಓಡಿದರೆ ನಾನಿನ್ನೂ ಎಲೆಗೆ ಕಾಯುತ್ತಿದ್ದೇನೆಂದು ಅರ್ಥ. ಅವಳು ದೊಡ್ಡದಾಗಿ ಕಟ್ಟಿ ಹೆದರಿಸಿದರಾಯಿತು. ಅಲ್ಲಾಡದಿದ್ದರೆ ನನ್ನ ಕೈ ಗಟ್ಟಿ. ಅವಳೇ ಎಲೆ ಬಿಸಾಡಿದರಾಯಿತು. ಇಷ್ಟು ವರ್ಷ ನಡೆದದ್ದು ಇದೇ! ಮೈಯೆಲ್ಲ ಉರಿದುಹೋಯಿತು.

ಮುಂದಿನ ಆಟಕ್ಕೆ ನನಗೆ ಎರಡು ರಾಜ ಬಂದವು. ಟೇಬಲ್ ಮೇಲೆ ಬಿಚ್ಚಿದ ನಾಲ್ಕು ಎಲೆಗಳಲ್ಲಿ ಇನ್ನೊಬ್ಬ ರಾಜ ಇದ್ದ, ಎರಡು ಆಟಿನ್ನೂ ಇದ್ದವು. ಮೂರು ರಾಜ ಸೇರಿ ನನ್ನ ಕೈ ಆಗಲೇ ಗಟ್ಟಿ, ಎಣಿಸುವುದಕ್ಕೆ ನನಗೇನೂ ಇರಲಿಲ್ಲ. ಆದರೂ ಹೆಬ್ಬೆರಳನ್ನು ಒಂಬತ್ತನೆಯ ಗೆರೆಯವರೆಗೆ ಓಡಿಸಿ ನಿಲ್ಲಿಸಿದೆ. ಅಕ್ಕ ಇದ್ದಬದ್ದ ಗುಂಡಿಗಳನ್ನೆಲ್ಲ ಮುಂದೆ ತಳ್ಳಿದಳು. ನಾನೂ ತಳ್ಳಿದೆ. ಕೊನೆಯ ಎಲೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಅವಳಲ್ಲಿ ಎರಡು ಜೋಡಿ ಇತ್ತು, ನನ್ನಲ್ಲಿ ಅದನ್ನು ಮೀರಿಸುವ ಮೂರು ರಾಜ.

ಅವಳು ರಾಜರನ್ನು ನೋಡಿದಳು, ಆಮೇಲೆ ನನ್ನ ಹೆಬ್ಬೆರಳನ್ನು.

"ಇವತ್ತೇನೇ ಬೆರಳು ಸುಳ್ಳು ಹೇಳ್ತು?"

"ನೀನು ಅದನ್ನ ನೋಡೋದು ಈಗಷ್ಟೆ ಗೊತ್ತಾಯ್ತು. ಮೂಗು ತುರಿಸ್ಕೊಂಡಾಗ."

ಅಕ್ಕನ ಮುಖ ಕಪ್ಪಿಟ್ಟಿತು. "ಈಗ್ಲಾ? ನಿಂಗೆ ಮೊದ್ಲಿಂದ್ಲೂ ಗೊತ್ತು ಅಂದ್ಕೊಂಡಿದ್ದೆ ಕಣೇ. ಗೊತ್ತಿದ್ದೂ ಬೆರಳು ತೋರಿಸ್ತಾಳೆ, ಬೇಕಂತ್ಲೇ ಅಕ್ಕಂಗೆ ಬಿಟ್ಕೊಡ್ತಾಳೆ ಅಂತ."

"ಅಮ್ಮನ ಹತ್ರ ನಾನು ಉಳ್ಕೊಂಡಿದ್ದೂ?"

"ಹೂಂ. ಅದಕ್ಕೇ ನಿನ್ನ ಮೇಲೆ ಅಷ್ಟು ಪ್ರೀತಿ ಇತ್ತು."

ಬೀಗದ ಕೈ ಕಡೆ ನೋಡದೆ ತನ್ನ ಕತ್ತರಿಯೊಂದನ್ನೇ ಎತ್ತಿಕೊಂಡು ಹೊರಟಳು. ಮೋಸ ಮಾಡಿದವಳು ಅವಳು. ಮೋಸ ಹೋದವಳ ಹಾಗೆ ಮೆಟ್ಟಿಲಿಳಿದದ್ದೂ ಅವಳೇ.

ಮರುದಿನ ಕಿಟಕಿ ಪಕ್ಕದ ಮೆಷಿನ್ನಿಗೆ ಕೂತೆ. ಬೆಳಕು ಚೆನ್ನಾಗಿಯೇ ಇತ್ತು. ಸೂಜಿಗೆ ದಾರ ಪೋಣಿಸಲು ಮಾತ್ರ ಆಗಲಿಲ್ಲ.