ಮೀನಿನ ಗುರುತಿನ ಕಲ್ಲು

ಮಂಗಳವಾರ ಬೆಳಿಗ್ಗೆ ಊರ ಕೋಟೆಯನ್ನು ತೋರಿಸುವ ಯುಲಾಲಿ, ಗೋಪುರದ ಸುತ್ತುಮೆಟ್ಟಿಲ ಬಾಗಿಲಲ್ಲಿ ನಿಂತು ಪ್ರವಾಸಿಗರೊಡನೆ ಮಾತಾಡುತ್ತಿದ್ದಾಗ ಕೆಳಗಿನ ಇಗರ್ಜಿಯ ಗಂಟೆ ಹೊಡೆಯಿತು. ಮೂರು ಪೆಟ್ಟು, ಬಿಡುವು. ಮತ್ತೆ ಮೂರು, ಬಿಡುವು. ಮತ್ತೆ ಮೂರು. ಹೆಂಗಸಾದರೆ ಎರಡೆರಡು, ಇದು ಗಂಡಸಿನ ಸಾವು. ಊರಿನ ಗಂಡಸರಲ್ಲಿ ಕಾಯಿಲೆ ಬಿದ್ದಿದ್ದವನು ಅವಳ ತಮ್ಮ ಆನ್ಸೆಲ್ಮ್ ಒಬ್ಬನೇ. ಪಟ್ಟಣದ ಆಸ್ಪತ್ರೆಯಲ್ಲಿದ್ದ.

ಅವಳು ಮಾತು ನಿಲ್ಲಿಸಲಿಲ್ಲ.

“ಗೋಪುರ ಏಳುನೂರು ವರ್ಷದ್ದು. ಮೊದಲು ಬಾಣ ಬಿಡೋ ಸೀಳು ಮಾತ್ರ ಇದ್ವು. ಹೆದರಿಕೆ ಕಡಿಮೆಯಾದ ಮೇಲೆ ದೊರೆಗಳು ಕಿಟಕಿ ಇಡಿಸಿದ್ರು. ಕ್ರಾಂತಿಯ ಕಾಲದಲ್ಲಿ ಮೇಲಂತಸ್ತು ಕೆಡವಿದ್ರು. ಆ ಕಲ್ಲೆಲ್ಲ ಈಗ ನಮ್ಮೂರ ಕೊಟ್ಟಿಗೆಗಳಲ್ಲಿದೆ.”

“ಹಾಗಾದ್ರೆ ನಿಮ್ಮ ಹಸುಗಳೇ ಈಗ ದೊರೆಗಳು ಅನ್ನಿ, ಮದಾಮ್!”

“ಹೌದು ಮೊಸ್ಯೊ. ಇವು ಹಾಲಾದ್ರೂ ಕೊಡ್ತಾವೆ.”

ಅವರು ನಕ್ಕರು. ಏಳನೆಯ ಮೆಟ್ಟಿಲ ಪಕ್ಕದ ಕಲ್ಲಿನಲ್ಲಿ ಕೊರೆದಿದ್ದ ಪುಟ್ಟ ಮೀನನ್ನು ಎಂದಿನಂತೆ ಬೆರಳಿಟ್ಟು ತೋರಿಸಿದಳು. ಗೋಪುರ ಕಟ್ಟಿದ ಕಲ್ಲುಕುಟಿಗನ ಗುರುತು ಅದು, ಎಂದಳು. ಬಾಗಿಲಿಗೆ ಬೀಗ ಹಾಕಿ ಇಳಿದಳು. ಕಣ್ಣಲ್ಲಿ ನೀರಿರಲಿಲ್ಲ.

ಸಂಜೆಯ ಹೊತ್ತಿಗೆ ಆನ್ಸೆಲ್ಮ್‌ನ ದೇಹವನ್ನು ಮನೆಗೆ ತಂದು ಮಲಗಿಸಿದರು. ನೆರೆಯವರು ಬಂದು, ಹರಸಿದ ಎಲೆಯ ರೆಂಬೆಯಿಂದ ಅವನ ಮೇಲೆ ತೀರ್ಥ ಚಿಮುಕಿಸಿ ಹೋದರು. ಅವನ ಜೊತೆ ನಲವತ್ತು ವರ್ಷ ಕೋಟೆಯ ಗೋಡೆ ರಿಪೇರಿ ಮಾಡಿದ ಫುಲ್ಜಾನ್ಸ್ ಮಾತ್ರ ಕೂತೇ ಇದ್ದ.

“ಯುಲಾಲಿ, ಒಂದು ಮಾತು. ಬೈಬೇಡ. ಆ ಮೀನು ಇವನೇ ಕೆತ್ತಿದ್ದು.”

“ಏನಂದೆ?”

“ನಲವತ್ತೊಂಬತ್ತನೇ ಇಸವಿಯಲ್ಲಿ ಹಳೇ ಕಲ್ಲು ಸೀಳಿತ್ತು, ಅದೇ ಬಣ್ಣದ ಹೊಸದು ಕೂರಿಸಿದ್ವಿ. ಹೊಸ ಕಲ್ಲಿಗೆ ವರ್ಷ ಕೆತ್ತಬೇಕು, ನೋಡಿದವರು ಮೋಸ ಹೋಗಬಾರದು, ಅದು ನಮ್ಮ ಕಸುಬಿನ ಕಟ್ಟಳೆ. ಇವನು ತಮಾಷೆಗೆ ಮೀನು ಕೊರೆದ. ವರ್ಷ ನಾಳೆ ಹಾಕ್ತೀನಿ ಅಂದ. ಬೆಳಿಗ್ಗೆ ನೋಡಿದ್ರೆ ನೀನಾಗಲೇ ಹಳೇ ಕುಟಿಗನ ಗುರುತು ಸಿಕ್ತು ಅಂತ ಮಂದಿಗೆ ತೋರಿಸ್ತಾ ಇದ್ದೆ! ಅಷ್ಟು ಖುಷಿಯಾಗಿದ್ದೆ. ಇವನ ಬಾಯಿ ಕಟ್ಟಿಹೋಯ್ತು.”

“ಪಾಪನಿವೇದನೆಯಲ್ಲಿ ಹೇಳಿದ್ನಾ?”

“ಕಲ್ಲಿನ ವಿಷಯ ಪಾದ್ರಿ ಹತ್ರ ಯಾರು ಹೇಳ್ತಾರೆ?”

ಯುಲಾಲಿಗೆ ಸಿಟ್ಟು ಬರಲಿಲ್ಲ. ಇಪ್ಪತ್ತೈದು ವರ್ಷ ತಾನು ಹೇಳಿದ ಸುಳ್ಳು ಅವಳನ್ನು ಮುಟ್ಟಲೂ ಇಲ್ಲ. ಒಂದೇ ಯೋಚನೆ: ತಮ್ಮ ದೇವರ ಮುಂದೆ ನಿಲ್ಲುವಾಗ ಈ ಕಲ್ಲು ಅವನ ಬೆನ್ನ ಮೇಲಿರುತ್ತದೆ.

“ಉಳಿ ಎಲ್ಲಿದೆ?”

“ಸಾವಿನ ಮನೆಗೆ ಯಾರಾದ್ರೂ ಉಳಿ ತರ್ತಾರಾ? ನಿನಗೆ ಬುದ್ಧಿ ಇದೆಯಾ?”

“ಬೆಳಿಗ್ಗೆ ತಗೊಂಡು ಬಾ. ಇವನ ಸಾವಿನ ಪೂಜೆಗೆ ಮೊದಲೇ ಆಗ್ಬೇಕು.”

“ಮಂದಿ ನಗ್ತಾರೆ ಕಣೆ. ಮೀನಿನ ಕಥೆ ಕೇಳೋಕೇ ಬರೋರಿದ್ದಾರೆ.”

“ನಗಲಿ.”

ಬೆಳಿಗ್ಗೆ ಏಳನೆಯ ಮೆಟ್ಟಿಲ ಬಳಿ ಅವಳು ದೀಪ ಹಿಡಿದಳು, ಫುಲ್ಜಾನ್ಸ್ ಮಂಡಿಯೂರಿ ಕೆತ್ತಿದ. ಮೀನನ್ನು ಅಳಿಸಲು ಹೋದವನ ಕೈ ತಡೆದು, “ಅದಿರಲಿ, ಅವನದೇ ತಾನೆ?” ಎಂದಳು. ಮೀನಿನ ಕೆಳಗೆ ೧೯೪೯ ಮೂಡಿತು. ಕಲ್ಲಿನ ಪುಡಿ ಅವಳ ಕರಿಯ ಲಂಗದ ಮೇಲೆ ಬಿತ್ತು. ಒರೆಸಿಕೊಳ್ಳಲು ಅವಳಿಗೆ ತೋಚಲಿಲ್ಲ. ಹಾಗೆಯೇ ಇಗರ್ಜಿಗೆ ನಡೆದು, ಶವಪೆಟ್ಟಿಗೆಯ ಪಕ್ಕದಲ್ಲಿ ಮಂಡಿಯೂರಿದಳು.

ಕರ್ತನೇ, ನಿನ್ನ ಕೆಲಸಗಾರ ಆನ್ಸೆಲ್ಮ್ ಬರುತ್ತಿದ್ದಾನೆ. ಅವನು ಉಳಿಸಿ ಹೋಗಿದ್ದ ಕೆಲಸ ಇಂದು ಮುಗಿಯಿತು. ಅವನ ತಮಾಷೆಯನ್ನೂ ನನ್ನ ಜಂಬವನ್ನೂ ಕ್ಷಮಿಸು. ಅವನ ಕೈಗಳಿಗೆ ಬಿಡುವು ಕೊಡು, ನಿನ್ನ ಬೆಳಕಿನಲ್ಲಿ ಅವನನ್ನು ನೆಮ್ಮದಿಯಾಗಿ ಮಲಗಿಸು. ಆಮೆನ್.