ಚೀಟಿ ಇಲ್ಲದ ಚಿಟ್ಟೆ

ಕಟ್ಟುಹಲ್ಲು ಮಾಡುವವನ ಮನೆಯಲ್ಲಿ ಹಲ್ಲಿಗಿಂತ ಹುಳವೇ ಜಾಸ್ತಿ. ಹಗಲೆಲ್ಲ ಜನರ ಬಾಯಿಗೆ ಮೇಣ ಒತ್ತಿ ಅಚ್ಚು ತೆಗೆಯುತ್ತಿದ್ದ ಮನುಷ್ಯ, ಬಿಡುವು ಸಿಕ್ಕರೆ ಬಲೆ ಹಿಡಿದು ಪೊದೆ ಬಡಿಯಲು ಹೊರಡುತ್ತಿದ್ದ. ಬೀದಿಯವರು ‘ಹುಳದಪ್ಪ’ ಎಂದರೂ ಮುನಿಸಿಕೊಂಡವನಲ್ಲ. ಬೇರೆ ವಿಷಯದಲ್ಲಿ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ, ಜೀರುಂಡೆ ಎಂದರೆ ಮಾತ್ರ ಮಸೂರದಡಿ ಮೀಸೆಯ ಗಂಟುಗಂಟನ್ನೂ ನೋಡಿಯೇ ಹೆಸರು ಹೇಳುತ್ತಿದ್ದ.

ಈಗ ಕಣ್ಣು ಮಂಜಾಗಿತ್ತು. ಪೆಟ್ಟಿಗೆಗಳನ್ನೆಲ್ಲ ಸಂಗ್ರಹಾಲಯಕ್ಕೆ ಕೊಡುವುದೆಂದಾಗಿ, ಅಲ್ಲಿನ ಮೇಡಂ ಮರುದಿನ ಬರುವವರಿದ್ದರು. ಅವರ ಷರತ್ತು ಒಂದೇ. ಪ್ರತಿ ಹುಳದ ಸೂಜಿಯಲ್ಲೂ ಚೀಟಿ ಇರಬೇಕು. ಚೀಟಿಯಲ್ಲಿ ಸಿಕ್ಕ ಜಾಗ, ತಾರೀಖು, ಹಿಡಿದವರ ಹೆಸರು ಇರಬೇಕು. ಇಲ್ಲದ್ದು ಕಸದ ಬುಟ್ಟಿಗೆ. ಜೀವಮಾನವಿಡೀ ಅವನೂ ಅದನ್ನೇ ಹೇಳಿಕೊಂಡು ಬಂದಿದ್ದ.

ಕೊನೆಯ ಪೆಟ್ಟಿಗೆಯ ಮೂಲೆಯಲ್ಲಿ ಚೀಟಿ ಇಲ್ಲದ್ದು ಒಂದಿತ್ತು. ಎಲ್ಲೆಂದರಲ್ಲಿ ಹಾರುವ ಹಳದಿ ಚಿಟ್ಟೆ. ಎದೆಗೆ ಚುಚ್ಚಬೇಕಾದ ಸೂಜಿ ರೆಕ್ಕೆಗೆ ಚುಚ್ಚಿತ್ತು, ಅದೂ ಬಟ್ಟೆಯ ಗುಂಡುಸೂಜಿ. ಮಗ ಹಿಡಿದದ್ದು. ಒಂಬತ್ತು ವರ್ಷಕ್ಕೇ ರಕ್ತದ ಕಾಯಿಲೆಯಲ್ಲಿ ಹೋದ ಮಗ. ಅಂಗೈಯಲ್ಲಿಟ್ಟುಕೊಂಡು ತಂದು ತೋರಿಸಿದಾಗ ಇವನು ಮಸೂರದಿಂದ ತಲೆ ಎತ್ತದೆ, “ಚೀಟಿ ಎಲ್ಲಿ? ಬರ್ಕೊಂಡು ಬಾ” ಅಂದಿದ್ದ. ಹುಡುಗ ಬರೆಯಲೇ ಇಲ್ಲ.

ಆ ಹುಡುಗನ ಹೆಸರು ಲೋಕದಲ್ಲಿ ಉಳಿಯುವುದಾದರೆ ಈ ಚಿಟ್ಟೆಯ ಕೆಳಗೇ ಉಳಿಯಬೇಕು. ಅಪ್ಪ ಪೆನ್ನು ತೆಗೆದ. ಹಿತ್ತಲು ಎಂದು ಬರೆದು ಯಾವುದೋ ಒಂದು ತಾರೀಖು ಹಾಕಿದರೆ ಕೇಳುವವರು ಯಾರು? ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಗೆ? ಮಗನ ಹೆಸರಿನ ಪಕ್ಕದಲ್ಲಿ ಸುಳ್ಳು ಬರೆಯಲು ಕೈ ಏಳಲಿಲ್ಲ.

ಹಾಸಿಗೆಯ ಬಟ್ಟೆ ಮಡಚುತ್ತಿದ್ದ ಹೆಂಡತಿ ಬಾಗಿಲಲ್ಲಿ ನಿಂತಳು. ಹುಳದ ಪೆಟ್ಟಿಗೆಗಳ ಆ ಕೋಣೆಗೆ ಅವಳು ಎಂದೂ ಕಾಲಿಟ್ಟವಳಲ್ಲ.

“ಇದು ಎಲ್ಲಿ ಸಿಕ್ಕಿದ್ದೂಂತ ಗೊತ್ತಿದ್ರೆ ಸಾಕಿತ್ತು” ಅಂದ.

“ಆಸ್ಪತ್ರೇಲಿ. ಕಿಟಕಿ ಗಾಜಿಗೆ ಬಡ್ಕೊಳ್ತಾ ಇತ್ತು. ಮೊದಲನೇ ಸಲ ಔಷಧಿ ಏರಿಸಿದ ದಿನ. ಒಂದು ಕೈಗೆ ನಳಿಗೆ ಹಾಕಿದ್ರು, ಇನ್ನೊಂದ್ರಲ್ಲಿ ಹಿಡಿದ. ನನ್ನ ಬಟ್ಟೆಯಿಂದಾನೇ ಸೂಜಿ ಕಿತ್ಕೊಂಡ. ‘ಅಪ್ಪಂಗೆ’ ಅಂದ.”

“ನಂಗ್ಯಾಕೆ ಹೇಳ್ಲಿಲ್ಲ ಅವನು?”

“ನೀವು ಕೇಳಿದ್ದು ಚೀಟಿ.”

ಅವನು ಖಾಲಿ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ತಾರೀಖು ನೆನಪಿದೆಯಾ ಎಂದ.

“ತಾರೀಖು ಗೊತ್ತಿಲ್ಲ. ಅರ್ಜೆಂಟು ಹಲ್ಲು ಕೊಡೋದಿದೆ ಅಂತ ಹೇಳಿ ನೀವು ಕೆರೆಗೆ ಹೋದ್ರಲ್ಲ, ಅವತ್ತು. ರಾತ್ರಿ ಬಟ್ಟೆ ಒಗೆಯೋ ಬಕೆಟ್ಟಿನ ತುಂಬ ಕಪ್ಪು ನೀರುಹುಳ ಇತ್ತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮಗನ ತೋಳಿಗೆ ಸೂಜಿ ಇಳಿಯುವುದನ್ನು ನೋಡಲಾರದೆ ಅವತ್ತು ಓಡಿಹೋಗಿದ್ದ, ಅಷ್ಟೇ.

ನೀರುಹುಳಗಳ ಪೆಟ್ಟಿಗೆ ತೆರೆದ. ಆ ವರ್ಷ ಕೆರೆಗೆ ಹೋದದ್ದು ಅದೊಂದೇ ಸಲ. ಕಪ್ಪಗೆ ಮಿರುಗುವ ಹುಳಗಳು ಸಾಲಾಗಿದ್ದವು. ಜೀರುಂಡೆ ಜಾತಿಗೆ ಚುಚ್ಚಬೇಕಾದಂತೆ ಎಲ್ಲಕ್ಕೂ ಬಲಗಡೆಯ ಗಟ್ಟಿ ರೆಕ್ಕೆಗೇ ಸೂಜಿ, ಒಂದೊಂದು ಕಾಲೂ ಬಾಚಿ ಕೂರಿಸಿದ್ದು. ಒಂದೊಂದರ ಕೆಳಗೂ ಅವನದೇ ಸಣ್ಣ ಅಕ್ಷರದಲ್ಲಿ ಅದೇ ತಾರೀಖು. ಅವನಿಗೆ ನಾಚಿಕೆಯಾಯಿತು. ಹೆಂಡತಿಯ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ತಾರೀಖು ನಕಲು ಮಾಡಿದ, ಆಸ್ಪತ್ರೆಯ ಕಿಟಕಿ ಎಂದು ಬರೆದ, ಮಗನ ಹೆಸರು ಬರೆದ.

ಮರುದಿನ ಮೇಡಂ ಚೀಟಿಗಳನ್ನು ಒಂದೊಂದಾಗಿ ಓದುತ್ತಾ ಬಂದು ಅಲ್ಲಿ ನಿಂತರು.

“ಅಪ್ಪ ಮಗ ಇಬ್ರೂ ಒಂದೇ ದಿನ ಹಿಡಿದಿದ್ದೀರಲ್ಲ. ಜೊತೇಲೇ ಇದ್ರಾ?”

“ಇಲ್ಲ ಮೇಡಂ” ಅಂದ. “ಅವನು ಆಸ್ಪತ್ರೇಲಿದ್ದ. ನಾನು ಇರ್ಲಿಲ್ಲ.”