ಗಾಳಿ ನಳಿಗೆಯ ಮಣ್ಣು

ಹ್ಯಾಂಗರಿನ ಬಾಗಿಲ ಆಚೆ ಒಂದು ಜೊತೆ ಚಪ್ಪಲಿ, ಹಿಮ್ಮಡಿ ಸವೆದದ್ದು, ಒಂದರ ಪಟ್ಟಿಗೆ ಬೇರೆ ಬಣ್ಣದ ದಾರದ ಹೊಲಿಗೆ, ಯಾರು ಬಿಟ್ಟರಪ್ಪ ಇಲ್ಲಿ, ವಿಮಾನ ನಿಲ್ಲಿಸುವ ಶೆಡ್ಡಿಗೆ ಚಪ್ಪಲಿ ಕಳಚಿ ಬರುವವರನ್ನು ಶಿದ್ಲಿಂಗಪ್ಪ ಹನ್ನೊಂದು ವರ್ಷದಲ್ಲಿ ಒಬ್ಬರನ್ನೂ ಕಂಡಿಲ್ಲ, ಇದೇನು ಮಠವೇ — ಎಂದುಕೊಳ್ಳುತ್ತ ತಲೆ ಎತ್ತಿದರೆ ಬಾಳಕೃಷ್ಣ ಮಾಸ್ತರರು, ಇಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದ ಭಾವನಾಳ ತಂದೆ, ಎಣ್ಣೆ ಕಲೆಯ ನೆಲದ ಮೇಲೆ ಬರಿಗಾಲಿಟ್ಟು ಕಬ್ಬಿಣದ ಸ್ಟೂಲಿನ ತುದಿಯಲ್ಲಿ ಕುಳಿತಿದ್ದಾರೆ, ಪೂರ್ತಿ ಕೂತರೆ ಯಾರಾದರೂ ಏನಾದರೂ ಅಂದಾರು ಎನ್ನುವಂತೆ. ಕಚೇರಿಯ ಖುಷ್ಬೂ ಹೇಳಿ ಹೋಗಿದ್ದಾಳೆ, ಇಲ್ಲೇ ಕುಂದರ್ರಿ ಸರ್, ಭಾವನಕ್ಕನ ಸಾಮಾನು ಮತ್ತ ತನಿಖಿ ರಿಪೋರ್ಟಿನ ಕಾಪಿ ತರ್ತೀನಿ, ಹತ್ತ ಮಿನಿಟು. ಹತ್ತು ಮಿನಿಟು, ಇದಕ್ಕಿಂತ ಒಳ್ಳೆ ಹೊತ್ತು ಮತ್ತೆ ಸಿಕ್ಕುವುದಿಲ್ಲ, ಶಿದ್ಲಿಂಗಪ್ಪನ ಕೈ ವಿಮಾನದ ಮೂಗಿನ ಪಂಖವನ್ನು ಒರೆಸುತ್ತಿದೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದೆ, ನಾಲ್ಕು ತಿಂಗಳಿಂದ ನಾಲಿಗೆಯ ಮೇಲೆ ಇಟ್ಟುಕೊಂಡ ಮಾತು ಅದೇ, ಮಾಸ್ತರ್ರ, ತಪ್ಪು ನಿಮ್ಮ ಮಗಳದಲ್ರಿ, ನಂದು. ಇಷ್ಟೇ. ಹೇಳಿದರೆ ಕೆಲಸ ಹೋದೀತು, ಜೈಲೂ ಆದೀತು, ಹೇಳದಿದ್ದರೆ ಇಪ್ಪತ್ತು ವರ್ಷದ ಹುಡುಗಿ ತನ್ನ ತಪ್ಪಿನಿಂದ ತಾನೇ ಸತ್ತಳು ಎಂದು ಕಾಗದದಲ್ಲಿ ಬಿದ್ದ ಮಸಿ ಹಾಗೇ ಉಳಿದೀತು, ಬಿಸಿ ತುಪ್ಪ ನುಂಗಲೂ ಆಗದು ಉಗುಳಲೂ ಆಗದು. ಮಾಸ್ತರರು ಅವನನ್ನೇ ನೋಡುತ್ತಿದ್ದಾರೆ. ಚಾ ಕುಡೀತೀರೇನ್ರಿ ಎಂದು ಅವನ ಬಾಯಿ ಕೇಳುತ್ತದೆ, ಬ್ಯಾಡ್ರಿ, ಈಗ ಮನ್ಯಾಗ ಆತು ಎಂದು ಅವರು ಹೇಳುತ್ತಾರೆ, ಧಾರವಾಡದಿಂದ ಎರಡು ಬಸ್ಸು ಬದಲಿಸಿ ಬಂದವರು, ಮನೆಯ ಚಾ ಎಂದೋ ಆರಿಹೋಗಿರಬೇಕು.

ಗೂಡು ಕಂಡದ್ದು ಆಷಾಢದ ಕೊನೆಗೆ, ತನ್ನ ಪಾನಾ, ಸುತ್ತಿಗೆ ಇಡುವ ಕಪಾಟಿನ ಒಳಮೂಲೆಯಲ್ಲಿ, ಕುಂಬಾರ ಹುಳ ಬಾಯಲ್ಲಿ ಮಣ್ಣಿನ ಉಂಡೆ ಕಚ್ಚಿಕೊಂಡು ಬರುತ್ತಿತ್ತು, ಹೋಗುತ್ತಿತ್ತು. ಇಂಜಿನಿಯರ್ ಪ್ರಭು ಸಾಹೇಬರದು ದಿನಾ ಬೆಳಿಗ್ಗೆ ಒಂದೇ ಮಂತ್ರ, ಶೆಡ್ಡಿನಾಗ ಒಂದ ಗೂಡೂ ಇರಬಾರದು ಶಿದ್ಲಿಂಗಪ್ಪ, ಇವತ್ತ ಕಪಾಟಿನಾಗ ಕಟ್ಟಿದ ಹುಳ ನಾಳೆ ವಿಮಾನದಾಗ ಕಟ್ಟತಾವು, ಹತ್ತು ವರ್ಷ ಅವನೇ ಕಸಬರಿಗೆ ಹಿಡಿದು ಒಂದೊಂದನ್ನೂ ಕೆಡವಿದ್ದಾನೆ, ಆದರೆ ಅವತ್ತು ಕಸಬರಿಗೆ ಎತ್ತಿದ ಕೈ ಮೇಲೇ ನಿಂತಿತು, ಯಾಕೆಂದರೆ ಮಗಳು ನಂದಾ ಗುಡಗೇರಿಯಿಂದ ತವರಿಗೆ ಬಂದು ತಿರ್ಲಾಪುರದ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು, ಮದುವೆಯಾಗಿ ಆರು ವರ್ಷ, ಎರಡು ಸಲ ನಿಂತ ಬಸಿರು ಉಳಿಯದೆ ಹೋಗಿ ಇದು ಮೂರನೆಯದು. ಬಸುರಿ ಇರೋ ಮನ್ಯಾಗ ಕುಂಬಾರ ಹುಳ ಗೂಡು ಕಟ್ಟಿದರ ಕೂಸು ನಿಲ್ಲತೈತಿ, ಗೂಡು ಕೆಡವಿದರ ಬಸಿರು ಕೆಡವಿದಂಗ, ಇದು ಅವನ ಅವ್ವ ಹೇಳಿದ್ದು, ಅವಳ ಅವ್ವ ಹೇಳಿದ್ದು. ಮನೆಯಲ್ಲಿ ಹುಳ ಕಟ್ಟಿರಲಿಲ್ಲ, ಕಟ್ಟಿದ್ದು ಇಲ್ಲಿ, ಇಲ್ಲಿ ಕಟ್ಟಿದರೇನು, ಅನ್ನ ಕೊಡುವ ಜಾಗವೂ ಮನೆಯೇ, ಕಪಾಟು ತನ್ನದೇ. ಹೆಂಡತಿ ಕಸ್ತೂರೆವ್ವನಿಗೆ ಹೇಳಿದರೆ ಅವಳು ಕೇಳಿದ್ದು ಒಂದೇ ಮಾತು, ಗುಂಡಗೈತೋ ಉದ್ದಕೈತೋ, ಗುಂಡಗೈತಿ ಅಂದ, ಹಂಗಾರ ಹೆಣ್ಣು, ಹೆಣ್ಣಾದರೂ ಆಗಲಿ, ಉಳೀಲಿ, ಮುಟ್ಟಬ್ಯಾಡ್ರಿ ಅದನ್ನ. ಮುಟ್ಟಲಿಲ್ಲ. ಪ್ರಭು ಸಾಹೇಬರು ಬಂದಾಗ ಕಪಾಟಿನ ಬಾಗಿಲು ಮುಂದೆ ಮಾಡುತ್ತಿದ್ದ, ಅವರು ಹೋದಮೇಲೆ ಹುಳಕ್ಕೆ ದಾರಿಯಾಗಲೆಂದು ಬೆರಳಷ್ಟು ತೆರೆಯುತ್ತಿದ್ದ, ದಿನಕ್ಕೊಂದು ಸಲ ಬಗ್ಗಿ ನೋಡಿದರೆ ಸಮಾಧಾನ, ಶ್ರಾವಣ ಬರುವಷ್ಟರಲ್ಲಿ ಗೂಡು ಮೂರಾದವು, ನಂದಾಳಿಗೆ ಐದು ತುಂಬಿತು, ಅವನಿಗೆ ಎರಡೂ ಒಂದೇ ಲೆಕ್ಕದಂತೆ ಕಂಡವು. ಹುಚ್ಚಪ್ಪ, ಹುಳಕ್ಕೆ ನಿನ್ನ ಕಪಾಟು ಯಾವುದು, ಸರಕಾರದ ವಿಮಾನ ಯಾವುದು.

ಅವತ್ತು ಭಾವನಾ ಒಬ್ಬಳೇ ಹಾರುವವಳಿದ್ದಳು, ಎರಡನೆಯ ಸಲ, ಬೆಳಿಗ್ಗೆ ಹತ್ತಕ್ಕೆ ಅವನ ಕೂಡ ವಿಮಾನದ ಸುತ್ತ ತಿರುಗಿ ಮುಟ್ಟಿ ಮುಟ್ಟಿ ನೋಡಿದಳು, ರೆಕ್ಕೆಯ ಕೆಳಗಿನ ಗಾಳಿ ನಳಿಗೆಯ ಕೆಂಪು ಗವಸನ್ನು ತೆಗೆದು ಅವನ ಕೈಗೆ ಕೊಟ್ಟಳು, ಕಿರುಬೆರಳಷ್ಟು ನಳಿಗೆ ಅದು, ಅದರ ಬಾಯಿಗೆ ನುಗ್ಗುವ ಗಾಳಿಯಿಂದಲೇ ಒಳಗೆ ಕೂತವರಿಗೆ ವೇಗದ ಮುಳ್ಳು ಏಳುವುದು, ಕಾಕಾ, ಬಾಯಿ ಸ್ವಚ್ಛ ಅದ ನೋಡ್ರಿ, ನೋಡಿದ, ಸ್ವಚ್ಛವೇ ಇತ್ತು. ಅಷ್ಟರಲ್ಲಿ ಗಾಳಿ ಎದ್ದಿತು, ಅಣ್ಣಿಗೇರಿ ಕಡೆಯ ಬಯಲಿನ ಶ್ರಾವಣದ ಗಾಳಿ ಕೇಳಬೇಕೆ, ಹಾರುವುದನ್ನು ಮುಂದೆ ಹಾಕಿದರು, ವಿಮಾನ ಹೊರಗೇ ನಿಂತಿತು ಮೂರು ತಾಸು, ನಿಂತ ವಿಮಾನಕ್ಕೆ ಗವಸು ಹಾಕಬೇಕು, ಗವಸು ಅವನ ಕಿಸೆಯಲ್ಲಿತ್ತು, ಈಗ ಹೋಗ್ತಾಳ ಇನ್ನೊಂದ ಗಳಿಗಿಗೆ ಹೋಗ್ತಾಳ ಎಂದು ಕಿಸೆಯಲ್ಲೇ ಉಳಿಯಿತು. ಗಾಳಿ ಇಳಿದಾಗ ಹುಡುಗಿ ಬುತ್ತಿ ಉಂಡು ಓಡುತ್ತ ಬಂದಳು, ಕಲಿಸುವ ಸರ್ ಅವಸರ ಮಾಡುತ್ತಿದ್ದರು, ಮೆಟ್ಟಿಲ ಮೇಲೆ ಕಾಲಿಟ್ಟವಳು ತಡೆದಳು — ಕಾಕಾ, ಇನ್ನೊಮ್ಮೆ ನೋಡಲ್ಯಾ. ಆಗ ಅವನು ಹೇಳಿದ್ದು, ದೇವರೇ, ಅವನೇ ಹೇಳಿದ್ದು, ನಾ ಇಲ್ಲೇ ಇದ್ದೆನಲ್ಲವಾ, ಹತ್ತು ನೀ, ಗಾಳಿ ಮತ್ತ ಎದ್ದೀತು. ಅವಳು ನಕ್ಕು ಹತ್ತಿದಳು. ಕಾಕಾ ಅಂದರೆ ಅವಳಿಗೆ ಅಷ್ಟು ನಂಬಿಕೆ. ಆಮೇಲೆ ಸರ್ ಕೈಯಲ್ಲಿದ್ದ ರೇಡಿಯೋದಲ್ಲಿ ಅವಳ ದನಿ, ಸರ್, ವೇಗದ ಮುಳ್ಳು ಏಳವಲ್ದು, ಅವರು ಗಾಬರಿ ಆಗಬ್ಯಾಡ, ತಿರುಗಿಸ್ಕೊಂಡು ಬಾ ಅಂದರು, ತಿರುಗಿಸುವಾಗ ವೇಗ ಎಷ್ಟೆಂದು ತಿಳಿಯದೆ ವಿಮಾನ ಮೆಲ್ಲಗಾಯಿತು, ಒಂದು ರೆಕ್ಕೆ ಇಳಿಯಿತು, ಹತ್ತಿ ಹೊಲದ ಆಚೆ ಏನೂ ಕಾಣಲಿಲ್ಲ. ಅವಳನ್ನು ಒಯ್ದ ಮೇಲೆ ಮುರಿದ ರೆಕ್ಕೆಯ ಬಳಿ ಕಾವಲಿಗೆ ನಿಲ್ಲಿಸಿದ್ದು ಯಾರನ್ನು, ಶಿದ್ಲಿಂಗಪ್ಪನನ್ನು, ಬೇಲಿಯೇ ಎದ್ದು ಹೊಲ ಮೇಯ್ದಂತೆ ಅವನು ಬಗ್ಗಿ ನಳಿಗೆಗೆ ತಂತಿ ಹಾಕಿದ, ಮೊದಲು ಬಂದದ್ದು ಹೊಲದ ಎರೆಮಣ್ಣು, ಕರಿಯದು, ಹಸಿಯದು, ಅದರ ಹಿಂದೆ ಕೆಂಪು ಮಣ್ಣಿನ ಬಿರಡೆ, ರನ್‌ವೇ ಬಾಜುವಿನ ಕೆಂಪು ಗರಸು ಮಣ್ಣು, ಎರೆ ಹೊಲದಲ್ಲಿ ಎಲ್ಲಿಯ ಕೆಂಪು. ಅಂಗೈಯಲ್ಲಿ ಒಡೆದರೆ ಒಳಗೆ ಜೋಳದ ಕಾಳಿನಷ್ಟು ಹಸಿರು ಜೇಡ, ಸತ್ತಿರಲಿಲ್ಲ, ಕುಂಬಾರ ಹುಳ ಜೇಡವನ್ನು ಕೊಲ್ಲುವುದಿಲ್ಲ, ಕುಟುಕಿ ಮಲಗಿಸಿ ತನ್ನ ಮರಿಗೆ ಬುತ್ತಿ ಇಡುತ್ತದೆ, ಒಂದು ಕಾಲು ಸಣ್ಣಗೆ ಅಲುಗುತ್ತಿತ್ತು. ಅದನ್ನು ಎರೆಯಲ್ಲಿ ತುಳಿದ, ನಳಿಗೆಯ ಬಾಯಿಗೆ ಕರಿ ಮಣ್ಣು ಮತ್ತೆ ತುಂಬಿದ, ಸಂಜೆಯೊಳಗೆ ಕಪಾಟಿನ ಬಾಗಿಲ ಕಡೆಯ ಎರಡು ಗೂಡು ಕೆಡವಿದ, ಒಳಮೂಲೆಯ ಮೊದಲಿನದನ್ನು ಮಾತ್ರ ಕೆಡವಲು ಕೈ ಬರಲಿಲ್ಲ, ಅಷ್ಟಾದ ಮೇಲೂ ಬರಲಿಲ್ಲ. ಈಗ ನಂದಾ ಹೆತ್ತಿದ್ದಾಳೆ, ಹೆಣ್ಣು, ಗಟ್ಟಿಮುಟ್ಟಾಗಿದೆ, ತೊಟ್ಟಿಲಲ್ಲಿ ಕಾಲು ಅಲುಗಿಸುತ್ತದೆ, ಎತ್ತಿಕೋರಿ ಅಂತ ಕಸ್ತೂರೆವ್ವ ಕೊಟ್ಟರೆ ಅವನ ಅಂಗೈ ತಣ್ಣಗಾಗುತ್ತದೆ.

ಖುಷ್ಬೂ ಬಂದಳು, ಒಂದು ಚೀಲ, ಒಂದು ನೀಲಿ ವಹಿ, ನಾಲ್ಕು ಹಾಳೆ. ಮಾಸ್ತರರು ಹಾಳೆಯನ್ನು ದೂರ ಹಿಡಿದು ಓದುತ್ತಾರೆ, ತುಟಿ ಅಲುಗುತ್ತಿದೆ, ನಳಿಗೆಯಲ್ಲಿದ್ದದ್ದು ಬಿದ್ದ ಹೊಲದ ಮಣ್ಣು ಎಂದಿದೆ ಅಲ್ಲಿ, ಹಾರುವ ಮೊದಲು ಎರಡನೆಯ ಸಲ ತಪಾಸಣೆ ಮಾಡಲಿಲ್ಲ ಎಂದಿದೆ, ಶಿದ್ಲಿಂಗಪ್ಪನಿಗೆ ಓದದೆಯೇ ಗೊತ್ತು, ಈಗ ಹೇಳು, ಮಾಸ್ತರ್ರ ಅನ್ನು, ಮುಂದಿನದು ತಾನೇ ಬರುತ್ತದೆ. ನಾ ಗಣಿತದ ಮಾಸ್ತರ್ರಿ, ಅವರೇ ಶುರು ಮಾಡುತ್ತಾರೆ, ಎರಡ ಸರ್ತಿ ತಾಳೆ ಹಾಕಿ ನೋಡು ಅಂತ ಸಣ್ಣಾಕಿ ಇದ್ದಾಗಿಂದ ಹೇಳೀನಿ, ಮನ್ಯಾಗ ಗ್ಯಾಸ್ ಸೈತ ಎರಡ ಸರ್ತಿ ನೋಡ್ತಿದ್ಲು, ಅವತ್ತ್ಯಾಕ ನೋಡಲಿಲ್ಲೋ ತಿಳೀವಲ್ದು. ನೋಡುತ್ತೇನೆ ಅಂದಿದ್ದಳು ಮಾಸ್ತರ್ರ, ಅಂದಿದ್ದಳು, ಗಂಟಲವರೆಗೆ ಬಂತು. ಮಾಸ್ತರರು ಸ್ಟೂಲಿನಿಂದ ಎದ್ದರು, ಹಾಳೆಗಳನ್ನು ಕಂಕುಳಲ್ಲಿ ಹಿಡಿದು ಎರಡೂ ಕೈ ಜೋಡಿಸಿದರು, ಎಣ್ಣೆ ಮೆತ್ತಿದ ಅವನ ಅಂಗಿಗೆ, ಅವನಿಗೆ — ಫೋನಿನಾಗ ದಿನಾ ನಿಮ್ಮ ಹೆಸರು ಹೇಳ್ತಿದ್ಲು ಶಿದ್ಲಿಂಗಪ್ಪನವರ, ಕಾಕಾ ಇದ್ದರ ನನಗೇನ ಹೆದರಿಕಿ ಇಲ್ಲಪ್ಪಾ ಅಂತ, ಮಕ್ಕಳಂಗ ಜೋಪಾನ ಮಾಡಿದ ವಿಮಾನ ನಿಮ್ಮದು, ಹಾಳ ಮಾಡಿದ್ಲು, ಆಕಿ ಪರವಾಗಿ ನಾ ಕೇಳ್ತೀನ್ರಿ, ಕ್ಷಮಾ ಮಾಡ್ರಿ. ಶಿದ್ಲಿಂಗಪ್ಪ ಬಾಯಿ ತೆರೆದ, ಮಾಸ್ತರ್ರ ಅಂದ, ಅಂದೇಬಿಟ್ಟ, ಮುಂದಿನ ಮಾತು ತಾನೇ ಬಂತು, ಜನ್ಮದಿಂದ ರೂಢಿಯಾದ ಮಾತು, ಯಾರು ಕೈ ಮುಗಿದರೂ ಬರುವ ಮಾತು — ಇರ್ಲಿ ಬಿಡ್ರಿ. ಅವನೇ ಅಂದದ್ದು. ಕ್ಷಮಿಸಿದ, ಅವಳನ್ನು, ಅವನು. ಮಾಸ್ತರರ ಕಣ್ಣು ತುಂಬಿದವು, ದೊಡ್ಡ ಮನಸಿನವರು ನೀವು ಅಂದರು, ಹೋದರು, ಬಿಸಿಲಲ್ಲಿ ಚೀಲ ಹಿಡಿದು ಹೋಗುತ್ತಿದ್ದಾರೆ, ಕೂಗಬೇಕು, ಕೂಗು, ಇನ್ನೂ ಗೇಟು ದಾಟಿಲ್ಲ, ಕೈಯಲ್ಲಿ ಒರೆಸುವ ಅರಿವೆ, ಅರಿವೆಯ ಕೆಳಗೆ ಅಂಗೈ, ಅಂಗೈಯಲ್ಲಿ ಒಡೆದ ಕೆಂಪು ಮಣ್ಣು, ಮಣ್ಣಿನಲ್ಲಿ ಹಸಿರು, ಕಾಳಿನಷ್ಟು, ಸತ್ತಿಲ್ಲ, ಒಂದು ಕಾಲು — ಒಂದು ಕಾಲು ಅಲುಗುತ್ತಿದೆ, ಅಲುಗುತ್ತಿದೆ